ಕಾಳಿಗೆ ಹೊಂದುವುದು ದೇವಿಮನೆ ಘಟ್ಟಕ್ಕೆ ಹೊಂದದು

2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಕುಸಿದ ಮೇಲೆ ಕಾರವಾರದಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ: ಬೆಂಗಳೂರಿನ ಮೆಟ್ರೋ ಥರ ತುಂಡುತುಂಡಾಗಿ ಎರಕ ಹೊಯ್ದು, ಮೇಲೆ ಜೋಡಿಸಿಬಿಟ್ಟರೆ ಬೇಗ ಮುಗಿಯುತ್ತೆ ಅಲ್ವಾ? ಮುಗಿಯುತ್ತದೆ. ಆದರೆ ಎಲ್ಲ ಕಡೆ ಅಲ್ಲ.

ಹೀಗೆ ತುಂಡು ಜೋಡಿಸಿ ಕಟ್ಟುವ ಸೆಗ್ಮೆಂಟಲ್ ಸೇತುವೆಗೆ ದುಡ್ಡು ಮೊದಲೇ ಸುರಿಯಬೇಕು. ತುಂಡು ಎರಕ ಹೊಯ್ಯುವ ಕಾಸ್ಟಿಂಗ್ ಯಾರ್ಡಿಗೆ ಜಾಗ, ಉಕ್ಕಿನ ಅಚ್ಚು, ಕ್ರೇನ್, ಕಂಬಗಳ ಮೇಲೆ ನಿಂತು ತುಂಡು ಎತ್ತಿ ಹಿಡಿಯುವ ಉಕ್ಕಿನ ತೊಲೆ ಅಂದರೆ ಲಾಂಚಿಂಗ್ ಗರ್ಡರ್ ಎಲ್ಲ ಬೇಕು. ಹಿಂದಿನ ತುಂಡಿನ ಮುಖಕ್ಕೇ ತಾಗಿಸಿ ಮುಂದಿನದನ್ನು ಹೊಯ್ಯಬೇಕು, ಇಲ್ಲವಾದರೆ ಮೇಲೆ ಸಂದು ಕೂಡುವುದಿಲ್ಲ. ಒಂದೇ ಅಚ್ಚಿನಿಂದ ನೂರಾರು ತುಂಡು ತೆಗೆದರಷ್ಟೇ ಈ ಖರ್ಚು ಗಿಟ್ಟುತ್ತದೆ.

ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ಹಳ್ಳಕ್ಕೆ ಇದು ಸುಮ್ನೆ ದುಂದು. ಸ್ಪ್ಯಾನ್, ಅಂದರೆ ಕಂಬದಿಂದ ಕಂಬಕ್ಕಿರುವ ಅಂತರ, ಚಿಕ್ಕದು; ತಿರುವಿನಲ್ಲಿ ಒಂದು ತುಂಡಿನಂತೆ ಇನ್ನೊಂದಿಲ್ಲ. ನಲವತ್ತು ಐವತ್ತು ಟನ್ ಹೊತ್ತ ಟ್ರೇಲರ್ ಆ ತಿರುವುಗಳಲ್ಲಿ ಹತ್ತುವುದು ಹೇಗೆ? ಮಳೆ ನಿಂತ ಮೇಲೆ ಸೆಂಟ್ರಿಂಗ್ ಕಟ್ಟಿ ಅಲ್ಲೇ ಕಾಂಕ್ರೀಟ್ ಹಾಕುವುದೇ ವಾಸಿ.

ಕಾಳಿ, ಶರಾವತಿಯಂಥ ನದಿಗಳ ಕಥೆ ಬೇರೆ. ಅಗಲವಾದ ಅಳಿವೆ, ಕೆಳಗೆ ಕೆಸರು, ಭರತ ಇಳಿತ, ದೋಣಿ ಓಡಾಟ. ಜೂನ್ ಬಂತೆಂದರೆ ನೀರೊಳಗೆ ನಿಲ್ಲಿಸಿದ ಸೆಂಟ್ರಿಂಗ್ ಉಳಿಯುವ ನಂಬಿಕೆಯಿಲ್ಲ. ಮೇಲಿನಿಂದಲೇ ಕೆಲಸ ಸಾಗಿಸಬಹುದು ಎನ್ನುವುದೇ ಇಲ್ಲಿ ಈ ಪದ್ಧತಿಯ ದೊಡ್ಡ ಲಾಭ. 25ರಿಂದ 45 ಮೀಟರ್ ಸ್ಪ್ಯಾನುಗಳು ಸಾಲಾಗಿದ್ದರೆ ಯಾರ್ಡಿನ ತುಂಡು ತಂದು, ಲಾಂಚಿಂಗ್ ಗರ್ಡರಿಗೆ ತೂಗುಹಾಕಿ, ಉಕ್ಕಿನ ಕೇಬಲ್ ಹಾಯಿಸಿ ಎಳೆದು ಬಿಗಿಯಬಹುದು. ನೂರು ಮೀಟರ್ ಆಸುಪಾಸು ಬೇಕೆಂದರೆ ಕಂಬದ ಎರಡೂ ಕಡೆ ತೂಕ ಸರಿತೂಗಿಸುತ್ತ, ಅಲ್ಲಲ್ಲೇ ಹೊಯ್ಯುತ್ತ ಚಾಚುವುದು ಹೆಚ್ಚಾಗಿ ಒಪ್ಪುತ್ತದೆ. ಮೂರೇ ಸ್ಪ್ಯಾನ್ ಇದ್ದರೂ ಅದು ನಡೆಯುತ್ತದೆ, ಏಕೆಂದರೆ ದೊಡ್ಡ ಯಾರ್ಡಿನ ಗೊಡವೆಯಿಲ್ಲ.

ನನಗೆ ಜಾಸ್ತಿ ಅಂಜಿಕೆ ಉಪ್ಪುಗಾಳಿಯದು. ಯಾರ್ಡಿನ ತುಂಡುಗಳ ಸಂದಿನಲ್ಲಿ ಸಾಮಾನ್ಯವಾಗಿ ಕಬ್ಬಿಣದ ಸರಳು ದಾಟುವುದಿಲ್ಲ. ಎಪಾಕ್ಸಿ ಅಂಟು ಮತ್ತು ಬಿಗಿದ ಕೇಬಲ್ಲು, ಅಷ್ಟೇ. ಕೇಬಲ್ ಕೊಳವೆಗೆ ಗ್ರೌಟ್, ಅಂದರೆ ತೆಳು ಸಿಮೆಂಟ್ ಗಾರೆ, ಪೂರ್ತಿ ತುಂಬದೆ ಎಲ್ಲೋ ಟೊಳ್ಳು ಉಳಿದರೆ ತುಕ್ಕು ಒಳಗೊಳಗೇ ಕೆಲಸ ಮಾಡುತ್ತದೆ, ಹೊರಗೆ ಬಿರುಕೂ ಕಾಣದಿರಬಹುದು. ವೇಲ್ಸ್‌ನಲ್ಲಿ 1985ರಲ್ಲಿ ಇಂಥದೇ ಒಂದು ಸೇತುವೆ ಸಂದಿನ ಕೇಬಲ್ ತುಕ್ಕು ಹಿಡಿದು ಬಿತ್ತು. ಮರುವರ್ಷ ಪಕ್ಕದ ಗೋವಾದಲ್ಲಿ ಮಾಂಡೋವಿ ಸೇತುವೆಯೂ ಕುಸಿಯಿತು, ಅಲ್ಲೂ ಕೇಬಲ್ ತುಕ್ಕಿನದೇ ಮಾತು.

ಹಾಗಾಗಿ ಕರಾವಳಿಯಲ್ಲಿ ಈ ಪದ್ಧತಿಗೆ ಹೂಂ ಅನ್ನುವ ಮುಂಚೆ ಎರಡು ವಿಷಯ ಕೇಳುತ್ತೇನೆ. ಗ್ರೌಟಿಂಗ್ ದಿನ ಪಕ್ಕದಲ್ಲಿ ನಿಂತು ನೋಡುವ ಎಂಜಿನಿಯರ್ ಯಾರು? ಪೆಟ್ಟಿಗೆಯಂತೆ ಟೊಳ್ಳಾದ ಬಾಕ್ಸ್ ಗರ್ಡರಿನ ಒಳಗೆ ಆಳು ಇಳಿದು ಕೇಬಲ್ ಪರೀಕ್ಷಿಸಲು, ಬೇಕಾದರೆ ಬದಲಿಸಲು ದಾರಿ ಬಿಟ್ಟಿದ್ದಾರಾ? ಉತ್ತರ ಬರದಿದ್ದರೆ ಸ್ಥಳದಲ್ಲೇ ಹೊಯ್ದು, ಸಂದಿನಲ್ಲೂ ಸರಳು ಹಾಯಿಸುವ ವಿನ್ಯಾಸಕ್ಕೇ ನನ್ನ ಮತ.