ಅಜ್ಜನ ಔಷಧಿ ಅಂಗಡಿ ಮೊಮ್ಮಗನವರೆಗೆ ಯಾಕೆ ಬರುತ್ತಿಲ್ಲ?

ಅಮೆರಿಕದ ಸಣ್ಣ ಊರುಗಳಲ್ಲಿ ಮನೆಮಂದಿಯೇ ತಲೆಮಾರುಗಳಿಂದ ನಡೆಸಿದ ಔಷಧಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. 2003ರಲ್ಲಿ ಒಂದಾದರೂ ಔಷಧಿ ಅಂಗಡಿ ಇದ್ದ 630 ಹಳ್ಳಿ ಊರುಗಳಲ್ಲಿ 2018ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಹಾಗಂತ ಮಾತ್ರೆ ನುಂಗುವವರು ಕಡಿಮೆಯಾಗಿಲ್ಲ. ಮತ್ತೇನಾಯಿತು? ಔಷಧಿಯ ಬೆಲೆ ಹೇಳುವವರು ಯಾರು ಅನ್ನೋದನ್ನು ಹಿಡಿದು ಹೊರಟರೆ ಕಥೆ ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಮೊದಲ ತಲೆಮಾರಿನಲ್ಲಿ ಬೆಲೆ ಹೇಳುತ್ತಿದ್ದವನು ಅಂಗಡಿಯವನೇ. ಕುಟ್ಟಾಣಿಯಲ್ಲಿ ಅರೆದು, ತೂಗಿ, ಪೊಟ್ಟಣ ಕಟ್ಟಿ ಇಷ್ಟು ಕೊಡಿ ಅನ್ನುತ್ತಿದ್ದ. ಪಕ್ಕದಲ್ಲೇ ಸೋಡಾ ಕೌಂಟರ್. ಕೋಕಾ-ಕೋಲಾ 1886ರಲ್ಲಿ ಮೊದಲು ಮಾರಾಟವಾಗಿದ್ದು ಅಟ್ಲಾಂಟಾದ ಔಷಧಿ ಅಂಗಡಿಯೊಂದರಲ್ಲಿ. ಪಾನನಿಷೇಧ ಬಂತು, ಡಾಕ್ಟರ್ ಚೀಟಿ ಇದ್ದವರಿಗೆ ವಿಸ್ಕಿಯೂ ಇಲ್ಲೇ ಸಿಕ್ಕಿತು, 1933ರಲ್ಲಿ ನಿಷೇಧ ಹೋಯಿತು, ಆಮೇಲೆ ಕಾರ್ಖಾನೆಯ ಮಾತ್ರೆಗಳು ಬಂದು ಕುಟ್ಟಾಣಿ ಮೂಲೆ ಸೇರಿತು.

ದಕ್ಷಿಣ ಡಕೋಟದ ವಾಲ್ ಎಂಬ ಪುಟ್ಟ ಊರಿನಲ್ಲಿ 1931ರಲ್ಲಿ ಹಸ್ಟೆಡ್ ದಂಪತಿ ಕೊಂಡ ಅಂಗಡಿ ಇವತ್ತಿಗೂ ಅದೇ ಮನೆತನದ ಕೈಯಲ್ಲಿದೆ. ಹೆದ್ದಾರಿಯಲ್ಲಿ ‘ಐಸ್ ನೀರು ಉಚಿತ’ ಅಂತ ಬೋರ್ಡ್ ಹಾಕಿ ಜನರನ್ನು ಕರೆದವರು ಅವರು. ಆದರೆ ಆ ಅಂಗಡಿಯನ್ನು ಸಾಕುತ್ತಿರುವುದು ಪ್ರವಾಸಿಗರು, ಮಾತ್ರೆಗಳಲ್ಲ. ಎಲ್ಲರಿಗೂ ಹೆದ್ದಾರಿ ಸಿಗುವುದಿಲ್ಲ ಅಲ್ವಾ?

ನಿಜವಾದ ತಿರುವು 2006ರ ಜನವರಿ. ಅಲ್ಲಿಯವರೆಗೆ ಊರಿನ ಎಷ್ಟೋ ವಯಸ್ಸಾದವರು ಔಷಧಿಗೆ ಕೈಯಿಂದಲೇ ದುಡ್ಡು ಕೊಡುತ್ತಿದ್ದರು. ಆ ತಿಂಗಳಿಂದ ಮೆಡಿಕೇರ್‌ನಲ್ಲಿ, ಅಂದರೆ ಮುಖ್ಯವಾಗಿ ವಯಸ್ಸಾದವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಲ್ಲಿ, ಔಷಧಿಗೂ ವಿಮೆ ಸಿಕ್ಕಿತು. ಅವರಿಗೆ ಅದು ದೊಡ್ಡ ಆಸರೆ, ಬರಲೇಬೇಕಿತ್ತು. ಆದರೆ ಬೆಲೆ ಹೇಳುವ ಕೆಲಸ ಅಂಗಡಿಯವರ ಕೈತಪ್ಪಿ, ವಿಮೆಗೂ ಅಂಗಡಿಗೂ ನಡುವೆ ನಿಂತ ಮಧ್ಯವರ್ತಿ ಕಂಪನಿಗಳಿಗೆ ಹೋಯಿತು.

ಕೌಂಟರಿನಲ್ಲಿ ಆಗುವುದು ಹೀಗೆ. ಫಾರ್ಮಸಿಸ್ಟ್ ಚೀಟಿಯ ವಿವರ ಕಂಪ್ಯೂಟರಿಗೆ ಹಾಕುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಮಧ್ಯವರ್ತಿ ಕಂಪನಿಯ ಉತ್ತರ: ರೋಗಿ ಇಷ್ಟು ಕೊಡಬೇಕು, ನಾವು ಇಷ್ಟು ಕೊಡುತ್ತೇವೆ. ಎರಡೂ ಕೂಡಿಸಿದರೂ ಕೆಲವೊಮ್ಮೆ ಆ ಡಬ್ಬಿಯನ್ನು ಹೋಲ್‌ಸೇಲ್‌ನಲ್ಲಿ ಕೊಂಡ ದುಡ್ಡು ಹುಟ್ಟುವುದಿಲ್ಲ. ಎದುರಿಗೆ ನಿಂತವರು ಚಿಕ್ಕಂದಿನಿಂದ ನೋಡಿದವರು, ಇನ್ನೊಂದು ಅಂಗಡಿ ದೂರದ ಊರಿನಲ್ಲಿ, ಇಲ್ಲ ಅನ್ನೋದು ಹೇಗೆ? ಕೊಟ್ಟು ಕಳಿಸುತ್ತಾರೆ. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ತಿಂಗಳುಗಳಾದ ಮೇಲೆ, ಕೊಟ್ಟ ದುಡ್ಡಿನಲ್ಲೂ ಒಂದಿಷ್ಟನ್ನು ಶುಲ್ಕದ ಹೆಸರಿನಲ್ಲಿ ವಾಪಸ್ ಹಿಡಿಯುತ್ತಿದ್ದರು. ಯಾವ ಮಾರಾಟದಲ್ಲಿ ಲಾಭ, ಯಾವುದರಲ್ಲಿ ನಷ್ಟ ಅಂತ ಲೆಕ್ಕ ಬರೆಯುವುದಾದರೂ ಹೇಗೆ? ಮೆಡಿಕೇರ್‌ನಲ್ಲಿ ಹೀಗೆ ತಡವಾಗಿ ಹಿಡಿಯುವುದು ನಿಂತಿದ್ದು 2024ರಲ್ಲಿ.

ಕೇಳಿದರೆ ಬೇಜಾರಾಗುವ ಇನ್ನೊಂದು ಮಾತಿದೆ. ‘ವಿಮೆ ಕಾರ್ಡ್ ಬಿಡಿ, ನೇರವಾಗಿ ದುಡ್ಡು ಕೊಟ್ಟರೆ ನಿಮಗೇ ಅಗ್ಗ’ ಅಂತ ಗಿರಾಕಿಗೆ ಹೇಳಬಾರದೆಂಬ ಷರತ್ತು ಕೆಲವು ಒಪ್ಪಂದಗಳಲ್ಲಿತ್ತು. ಅದಕ್ಕೆ ಕಾನೂನು ತಡೆ ಹಾಕಿದ್ದು 2018ರಲ್ಲಿ.

ಒಟ್ಟಾಗಿ ಚೌಕಾಸಿ ಮಾಡಿ ಔಷಧಿಯ ಬೆಲೆ ಇಳಿಸುತ್ತೇವೆ ಅನ್ನೋದು ಮಧ್ಯವರ್ತಿಗಳ ವಾದ. ಅದರಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ದೇಶದ ಚೀಟಿಗಳಲ್ಲಿ ಸುಮಾರು 80% ಮೂರೇ ದೊಡ್ಡ ಕಂಪನಿಗಳ ಮೂಲಕ ಹೋಗುವಾಗ, ಒಂಟಿ ಅಂಗಡಿಯವರು ಯಾರ ಜೊತೆ ಚೌಕಾಸಿ ಮಾಡಬೇಕು? ಕೊಂಡ ಬೆಲೆಯಾದರೂ ಕೊಡಿ ಎಂಬ ಅರ್ಕಾನ್ಸಸ್ ರಾಜ್ಯದ ಕಾನೂನನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಮೇಲೆ ಬೇರೆ ರಾಜ್ಯಗಳೂ ತಮ್ಮ ತಮ್ಮ ನಿಯಮ ತಂದವು. ಅಂಗಡಿ ಮುಚ್ಚುವುದು ಮಾತ್ರ ನಿಂತಿಲ್ಲ.

ಮೊಮ್ಮಗನ ವಿಷಯಕ್ಕೆ ಬಂದರೆ, ಫಾರ್ಮಸಿ ಡಿಗ್ರಿಗೆ ಈಗ ಸಾಮಾನ್ಯವಾಗಿ ಆರು ವರ್ಷವಾದರೂ ಬೇಕು, ಮೇಲೆ ಓದಿನ ಸಾಲ. ಅದನ್ನು ಹೊತ್ತು ನಷ್ಟದ ಅಂಗಡಿಗೆ ಯಾಕೆ ಬರಬೇಕು? ಹಾಗಾಗಿ ಮಾರುತ್ತಾರೆ. ಕೊಳ್ಳುವ ಸರಣಿ ಅಂಗಡಿಗೆ ಎಷ್ಟೋ ಸಲ ಕಟ್ಟಡವೂ ಬೇಡ, ಕಪಾಟೂ ಬೇಡ. ಬೇಕಿರುವುದು ಗಿರಾಕಿಗಳ ಚೀಟಿಯ ದಾಖಲೆ ಮಾತ್ರ. ಅದು ಹೋದ ದಿನ ಬಾಗಿಲಿಗೆ ಒಂದು ಹಾಳೆ ಅಂಟುತ್ತದೆ: ನಿಮ್ಮ ಔಷಧಿ ಇನ್ನು ಮುಂದೆ ಪಕ್ಕದ ಊರಿನಲ್ಲಿ.