ಅಂಕ ಸಮೀಕರಣಕ್ಕೆ ಸಿಗಲಿ

ಗಣಿತ ಶಿಕ್ಷಕರ ತರಬೇತಿಗಳಿಗೆ ಹೋದಾಗ, ವಾಕ್ಯರೂಪದ ಲೆಕ್ಕಗಳನ್ನು ಗುಂಪು ಆಟವಾಗಿ ಆಡಿಸುವವರು ಹೆಚ್ಚುತ್ತಿರುವುದನ್ನು ಕಂಡು ನನಗೆ ಸಂತೋಷವಾಗುತ್ತದೆ. ಆ ಆಟದಲ್ಲಿ ಅಂಕ ಯಾವುದಕ್ಕೆ ಸಿಗುತ್ತದೆ ಎಂದು ಕೇಳಿದ ಕೂಡಲೇ ಸಂತೋಷ ಅರ್ಧಕ್ಕಿಳಿಯುತ್ತದೆ. ಕಪ್ಪುಹಲಗೆಯ ಮೇಲೆ ವಯಸ್ಸಿನ ಲೆಕ್ಕವೊಂದನ್ನು ಬರೆದು, ಮೊದಲು ಕೈಯೆತ್ತಿ ಸರಿಯುತ್ತರ ಹೇಳಿದ ಗುಂಪಿಗೆ ಹತ್ತು ಅಂಕ ಕೊಡುವುದು ರೂಢಿ. ಹೀಗೆ ಆಡಿಸಿದರೆ ಪ್ರತಿ ಗುಂಪಿನಲ್ಲಿ ಒಂದು ಮಗು ಲೆಕ್ಕ ಮಾಡುತ್ತದೆ, ಉಳಿದವರು ಅದರ ಮುಖ ನೋಡುತ್ತ ಕೂರುತ್ತಾರೆ. ಆ ಒಂದು ಮಗುವೂ ಬಹುತೇಕ ಸಮೀಕರಣ ಬರೆದಿರುವುದಿಲ್ಲ. ‘ತಂದೆಯ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟು, ಇಬ್ಬರದೂ ಸೇರಿ 48’ ಎಂದರೆ 12 ಮತ್ತು 36 ಎಂದು ಹೇಳಲು ಬೀಜಗಣಿತವೇ ಬೇಕಿಲ್ಲ. ಸಂಖ್ಯೆಗಳನ್ನು ಹಾಕಿ ನೋಡಿ ಉತ್ತರ ಹಿಡಿಯುವುದು ಒಳ್ಳೆಯ ಜಾಣತನವೇ. ಆದರೆ ನಾವು ಅಭ್ಯಾಸ ಮಾಡಿಸಲು ಹೊರಟದ್ದು ಅದನ್ನಲ್ಲ.

ಮಕ್ಕಳು ಎಡವುವುದು ಸಮೀಕರಣ ಬಿಡಿಸುವಾಗ ಅಲ್ಲ, ವಾಕ್ಯದಿಂದ ಸಮೀಕರಣಕ್ಕೆ ದಾಟುವಾಗ. ಎಷ್ಟು ಬಾರಿ ಹೇಳಿದರೂ ಈ ಮಾತು ತಲುಪುತ್ತಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ‘ಒಂದು ಸಂಖ್ಯೆಯನ್ನು 12ರಿಂದ ಕಳೆದಾಗ’ ಎಂಬ ವಾಕ್ಯವನ್ನು ಎಂಟನೆಯ ತರಗತಿಗೆ ಕೊಟ್ಟು ನೋಡಿ. ಬಹಳಷ್ಟು ಮಕ್ಕಳು ‘ಎಕ್ಸ್ − 12’ ಎಂದು ಬರೆಯುತ್ತಾರೆ, ಏಕೆಂದರೆ ವಾಕ್ಯದಲ್ಲಿ ಸಂಖ್ಯೆ ಮೊದಲು ಬಂತು, 12 ಆಮೇಲೆ ಬಂತು. ಸರಿಯಾದದ್ದು ‘12 − ಎಕ್ಸ್’. ಇನ್ನು ‘ಒಂದು ಸಂಖ್ಯೆಯನ್ನು 12ರಿಂದ ಭಾಗಿಸಿದಾಗ’ ಎಂದು ಕೊಟ್ಟರೆ, ಬಂದ ಕ್ರಮದಲ್ಲೇ ಬರೆದ ‘ಎಕ್ಸ್ ÷ 12’ ಸರಿಯಾಗಿಬಿಡುತ್ತದೆ. ಎರಡು ವಾಕ್ಯಗಳಲ್ಲೂ ಪ್ರತ್ಯಯಗಳು ಅವೇ: ‘ಅನ್ನು’ ಮತ್ತು ‘ಇಂದ’. ಮೊದಲನೆಯದರಲ್ಲಿ ‘ಇಂದ’ ಎಂಬುದು ಯಾವುದರಿಂದ ತೆಗೆಯಬೇಕು ಎಂಬುದನ್ನು ಹೇಳುತ್ತದೆ, ಎರಡನೆಯದರಲ್ಲಿ ಯಾವುದನ್ನು ಸಾಧನವಾಗಿಟ್ಟುಕೊಂಡು ಭಾಗಿಸಬೇಕು ಎಂಬುದನ್ನು. ಕನ್ನಡದ ಅವಧಿಯಲ್ಲಿ ತೃತೀಯಾಕ್ಕೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡುವ ಮಗುವಿಗೆ, ದಿನಬಳಕೆಯಲ್ಲಿ ಎರಡೂ ‘ಇಂದ’ವೇ ಆಗಿರುವುದರಿಂದ ಗಣಿತದ ಅವಧಿಯಲ್ಲಿ ಏನು ಕಾದಿದೆ ಎಂಬುದನ್ನು ಯಾರೂ ಹೇಳಿರುವುದಿಲ್ಲ. ಅಂಥ ಮಗುವನ್ನು ಗಣಿತ ಬಾರದ ಮಗು ಎಂದು ಕರೆಯುವುದನ್ನು ಕೇಳಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಇದೇ ದಾಟುವಿಕೆಯಲ್ಲಿ ಇನ್ನೊಂದು ತೊಡಕಿದೆ. ಎಕ್ಸ್ ಎಂಬುದು ಒಂದು ಸಂಖ್ಯೆ ಎಂಬುದನ್ನು ಮರೆತು, ಅದು ವಸ್ತುವಿನ ಹೆಸರು ಎಂದುಕೊಳ್ಳುವುದು. 1980ರ ಆಸುಪಾಸಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ‘ವಿದ್ಯಾರ್ಥಿಗಳ ಸಂಖ್ಯೆ ಪ್ರಾಧ್ಯಾಪಕರ ಸಂಖ್ಯೆಯ ಆರು ಪಟ್ಟು’ ಎಂಬ ಅರ್ಥದ ವಾಕ್ಯ ಕೊಟ್ಟು ಸಮೀಕರಣ ಬರೆಯಲು ಹೇಳಿದಾಗ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ತಪ್ಪಿದರು. ತಪ್ಪಿದವರಲ್ಲಿ ಹೆಚ್ಚಿನವರು ಬರೆದದ್ದು ‘6ವಿ = ಪ್ರಾ’ ಎಂಬಂಥ ತಿರುವುಮುರುವಾದ ಸಮೀಕರಣ; ಸರಿಯಾದದ್ದು ‘ವಿ = 6ಪ್ರಾ’. ಅವರ ಮನಸ್ಸಿನಲ್ಲಿ ‘ವಿ’ ಎಂದರೆ ವಿದ್ಯಾರ್ಥಿಯೇ ಹೊರತು ವಿದ್ಯಾರ್ಥಿಗಳ ಸಂಖ್ಯೆಯಲ್ಲ. ನಮ್ಮ ಪೂರ್ವಿಕರು ಈ ವಿಷಯದಲ್ಲಿ ಎಚ್ಚರವಾಗಿದ್ದರು. 12ನೆಯ ಶತಮಾನದ ಭಾಸ್ಕರಾಚಾರ್ಯರು ಅಜ್ಞಾತಕ್ಕೆ ಬಳಸಿದ ಹೆಸರು ‘ಯಾವತ್ತಾವತ್’, ಅಂದರೆ ‘ಎಷ್ಟೋ ಅಷ್ಟು’. ಪ್ರಮಾಣ ಎಂಬ ಅರ್ಥ ಆ ಹೆಸರಿನೊಳಗೇ ಇದೆ. ನಾನು ತರಗತಿಯಲ್ಲಿ ಮೊದಲ ವಾರ ಎಕ್ಸ್ ಬದಲು ‘ಎಷ್ಟೋ’ ಎಂದೇ ಬರೆಸುತ್ತೇನೆ.

ಈಗ ಆಟಕ್ಕೆ ಬರುತ್ತೇನೆ. ಗುಂಪಿಗೆ ನಾಲ್ವರು, ಲೆಕ್ಕ ಒಂದು ಚೀಟಿಯಲ್ಲಿ. ಒಬ್ಬರು ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ, ಎಕ್ಸ್ ಎಂದರೆ ಏನು ಎಂಬುದನ್ನು ಪೂರ್ಣ ವಾಕ್ಯದಲ್ಲಿ ಬರೆಯುತ್ತಾರೆ. ಎರಡನೆಯವರು ಸಮೀಕರಣ ಬರೆಯುತ್ತಾರೆ, ಮೂರನೆಯವರು ಬಿಡಿಸುತ್ತಾರೆ, ನಾಲ್ಕನೆಯವರು ತಾಳೆ ನೋಡುತ್ತಾರೆ. ಪ್ರತಿ ಸುತ್ತಿಗೂ ಕೆಲಸ ಬದಲಾಗಬೇಕು. ಹತ್ತು ಅಂಕಗಳಲ್ಲಿ ಎಕ್ಸ್ ಏನೆಂದು ಬರೆದದ್ದಕ್ಕೆ ಮೂರು, ಸಮೀಕರಣಕ್ಕೆ ನಾಲ್ಕು, ಬಿಡಿಸಿದ್ದಕ್ಕೆ ಒಂದು, ತಾಳೆಗೆ ಎರಡು. ಬಿಡಿಸಿದ್ದಕ್ಕೆ ಒಂದೇ ಅಂಕವೇ ಎಂದು ಶಿಕ್ಷಕರು ಹುಬ್ಬೇರಿಸುತ್ತಾರೆ, ಹೌದು, ಒಂದೇ. ಗಂಟೆ ಬಾರಿಸುವುದು ಬೇಡ, ಮೊದಲು ಮುಗಿಸಿದವರಿಗೆ ಹೆಚ್ಚುವರಿ ಅಂಕವೂ ಬೇಡ. ಚೀಟಿ ವಾಪಸು ಬಂದ ಮೇಲೆ ನಾಲ್ವರಲ್ಲಿ ಒಬ್ಬರನ್ನು ಹೆಸರಿನ ಚೀಟಿ ಎತ್ತಿ ಕರೆದು, ಸಮೀಕರಣದ ಪ್ರತಿ ಚಿಹ್ನೆಯೂ ವಾಕ್ಯದ ಯಾವ ಪದದಿಂದ ಬಂತು ಎಂದು ಕೇಳುತ್ತೇನೆ. ಹೇಳಲಾಗದಿದ್ದರೆ ಆ ನಾಲ್ಕು ಅಂಕ ಬಾಕಿ ಉಳಿಯುತ್ತದೆ, ಗುಂಪು ಮತ್ತೆ ಕೂತು ಆ ಮಗುವಿಗೆ ಕಲಿಸಿ ಕಳುಹಿಸಬಹುದು. ಯಾರ ಸರದಿ ಬರುತ್ತದೆಂದು ಗೊತ್ತಿಲ್ಲದ್ದರಿಂದ ಜಾಣ ಮಗು ಉಳಿದವರಿಗೆ ಕಲಿಸದೆ ಬೇರೆ ದಾರಿಯಿಲ್ಲ. 40 ನಿಮಿಷದ ಅವಧಿಯಲ್ಲಿ ಮೂರು ಚೀಟಿ ಮುಗಿದರೆ ಸಾಕು. ನನ್ನ ಅನುಭವ ಪ್ರೌಢಶಾಲೆಯ, ನಲವತ್ತರೊಳಗಿನ ತರಗತಿಗಳದ್ದು. ಅದಕ್ಕಿಂತ ದೊಡ್ಡ ತರಗತಿಗಳಲ್ಲಿ ಇದು ಹೀಗೆಯೇ ನಡೆಯುತ್ತದೆಂದು ಭರವಸೆ ಕೊಡಲಾರೆ.

ತಿಂಗಳಿಗೊಮ್ಮೆ ಆಟವನ್ನು ತಿರುಗಿಸುತ್ತೇನೆ: ಸಮೀಕರಣ ನನ್ನದು, ವಾಕ್ಯ ಮಕ್ಕಳದು, ಆ ವಾಕ್ಯವನ್ನು ಪಕ್ಕದ ಗುಂಪು ಮರಳಿ ಸಮೀಕರಣ ಮಾಡಬೇಕು. ಒಮ್ಮೆ ‘3ಎಕ್ಸ್ + 10 = 100’ ಕೊಟ್ಟಾಗ, ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪವಾಗಿದ್ದ ಹುಡುಗಿಯೊಬ್ಬಳು ‘ಮೂರು ಮೊಳ ಮಲ್ಲಿಗೆ, ಹತ್ತು ರೂಪಾಯಿಯ ಕರ್ಪೂರ ಕೊಂಡು ನೂರು ರೂಪಾಯಿ ಕೊಟ್ಟೆವು’ ಎಂದು ಬರೆದಳು. ಅವಳ ತಾಯಿ ಹೂ ಕಟ್ಟಿ ಮಾರುವವರು. ಪಕ್ಕದ ಗುಂಪಿನ ಹುಡುಗ ‘ಎಕ್ಸ್ = ಮಲ್ಲಿಗೆ’ ಎಂದು ಬರೆದು ತಂದಾಗ ಅವಳು ಎದ್ದು ನಿಂತು, ‘ಮಲ್ಲಿಗೆ ಅಲ್ಲ ಕಣೋ, ಒಂದು ಮೊಳದ ಬೆಲೆ’ ಎಂದಳು. ನಾನು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದದ್ದನ್ನು ಅವಳು ಒಂದು ವಾಕ್ಯದಲ್ಲಿ ಹೇಳಿದ್ದಳು.

ತಾಳೆಯ ಬಗ್ಗೆಯೂ ಒಂದು ಮಾತು. ತಾಳೆಯನ್ನು ಸಮೀಕರಣದಲ್ಲಿ ನೋಡಿದರೆ ಪ್ರಯೋಜನವಿಲ್ಲ, ಏಕೆಂದರೆ ತಪ್ಪು ಸಮೀಕರಣವನ್ನು ಸರಿಯಾಗಿ ಬಿಡಿಸಿದರೂ ಅದು ತಾಳೆಯಾಗುತ್ತದೆ. ಚೀಟಿಯ ಮೂಲ ವಾಕ್ಯದಲ್ಲೇ ಉತ್ತರವನ್ನು ಇಟ್ಟು ಗಟ್ಟಿಯಾಗಿ ಓದಬೇಕು. ‘ಒಂದು ಸಂಖ್ಯೆಯನ್ನು 40ರಿಂದ ಕಳೆದಾಗ 14 ಉಳಿಯುತ್ತದೆ’ ಎಂಬ ಲೆಕ್ಕಕ್ಕೆ ಒಂದು ಗುಂಪು ‘ಎಕ್ಸ್ − 40 = 14’ ಎಂದು ಬರೆದು 54 ತಂದಿತ್ತು; ಸಮೀಕರಣದಲ್ಲಿ ಎಲ್ಲವೂ ಸರಿಯಾಗಿತ್ತು. ತಾಳೆ ನೋಡುವ ಹುಡುಗ ಎದ್ದು ‘54ನ್ನು 40ರಿಂದ ಕಳೆದಾಗ’ ಎಂಬಲ್ಲಿಗೆ ಓದಿ ತಡೆದ, ‘40ರಲ್ಲಿ 54 ಕಳೆದರೆ 14 ಹೇಗೆ ಉಳಿಯುತ್ತದೆ?’ ಎಂದು ತನ್ನಷ್ಟಕ್ಕೆ ಕೇಳಿಕೊಂಡ, ಚೀಟಿಯನ್ನು ತೆಗೆದುಕೊಂಡು ಸಮೀಕರಣ ಬರೆದವಳ ಪಕ್ಕದಲ್ಲಿ ಹೋಗಿ ಕೂತ.