ಮನೆಯಲ್ಲೇ ಬಂದೂಕಿನ ತೋಟಾ ತುಂಬುವ ಹವ್ಯಾಸ ನಮ್ಮಲ್ಲಿ ಸಾಧ್ಯವೇ?

ಪ್ರಶ್ನೆ: ನಾನು ಮಂಡ್ಯದವನು, ಕೆಲಸ ಮೈಸೂರಿನಲ್ಲಿ. ರೈಫಲ್ ಶೂಟಿಂಗ್ ಕಲಿಯುವ ಆಸೆಯಿದೆ. ಅಮೆರಿಕದವರು ಒಮ್ಮೆ ಹಾರಿಸಿದ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿ ಮತ್ತೆ ಬಳಸುವ ವಿಡಿಯೊಗಳನ್ನು ನೋಡುತ್ತಿರುತ್ತೇನೆ. ಖರ್ಚು ಉಳಿಯುತ್ತದೆ, ಗುರಿಯೂ ಚೊಕ್ಕವಾಗುತ್ತದೆ ಎನ್ನುತ್ತಾರೆ. ತೋಟಾ ತುಂಬುವ ಆ ಯಂತ್ರವನ್ನು ತರಿಸಿಕೊಂಡು ಇಲ್ಲಿ ಶುರು ಮಾಡಬಹುದೇ? ಊರಿನ ಮನೆಯಲ್ಲಿ ತಾತನ ಕಾಲದ ಜೋಡಿ ನಳಿಕೆ ಬಂದೂಕು ಮತ್ತು ಒಂದಿಷ್ಟು ಹಳೆಯ ತೋಟಾಗಳೂ ಇವೆ.

ಉತ್ತರ: ಯಂತ್ರವನ್ನು ತರಿಸಬೇಡಿ. ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಪದೇ ಪದೇ ಬರುತ್ತದೆ, ಕೇಳುವವರಲ್ಲಿ ಹೆಚ್ಚಿನವರು ಇನ್ನೂ ಶೂಟಿಂಗ್ ಅಭ್ಯಾಸ ನಡೆಯುವ ರೇಂಜಿನ ಮೆಟ್ಟಿಲು ಹತ್ತಿದವರಲ್ಲ. ಹಾಗಾಗಿ ಎರಡು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ನಮ್ಮ ದೇಶದಲ್ಲಿ ಗಂಭೀರ ಅಪರಾಧ. ಇನ್ನೊಂದು, ಹೊಸಬರಾಗಿ ನೀವು ಇಲ್ಲಿ ಕಲಿಯುವ ಶೂಟಿಂಗ್‌ನಲ್ಲಿ ಮತ್ತೆ ತುಂಬುವಂಥ ತೋಟಾ ನಿಮ್ಮ ಕೈಗೆ ಬರುವುದೇ ಇಲ್ಲ. ವಿಡಿಯೊ ಮಾಡುವವರು ಇದನ್ನು ಹೇಳುವುದಿಲ್ಲ. ಅವರ ಕಣ್ಣ ಮುಂದಿರುವುದು ಅವರ ಊರಿನ ಕಾನೂನು, ಅವರ ಊರಿನ ಕ್ರೀಡೆ.

ಆದರೂ ಆ ಕೆಲಸದ ಆಕರ್ಷಣೆ ಏನೆಂಬುದನ್ನು ತಳ್ಳಿಹಾಕುವಂತಿಲ್ಲ. ಒಂದು ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ: ಹಿತ್ತಾಳೆಯ ಕವಚ, ಅದರ ಬುಡದ ನಡುವೆ ಕೂರಿಸಿದ, ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಕೇಪು, ಒಳಗಿನ ಮದ್ದು, ಬಾಯಲ್ಲಿ ಕಚ್ಚಿಕೊಂಡ ಗುಂಡು. ಹಾರಿಸಿದಾಗ ಗುಂಡು ಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಕೇಪು ಸತ್ತುಹೋಗುತ್ತದೆ. ಉಳಿಯುವುದು ಕವಚ, ಬೆಲೆಯಲ್ಲಿ ಅದರದೇ ದೊಡ್ಡ ಪಾಲು. ಸ್ಫೋಟದ ಒತ್ತಡಕ್ಕೆ ಕೊಂಚ ಹಿಗ್ಗಿದ ಆ ಹಿತ್ತಾಳೆಯನ್ನು ಕೈಯಿಂದ ಒತ್ತುವ ಪ್ರೆಸ್ಸಿನಲ್ಲಿ ಮೊದಲಿನ ಅಳತೆಗೆ ತಂದು, ಉಳಿದ ಮೂರನ್ನೂ ಹೊಸದಾಗಿ ಸೇರಿಸುತ್ತಾರೆ. ಮದ್ದಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹಿಡಿಯುತ್ತಾರೆ. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ, ಅದರ ಹತ್ತನೆಯ ಒಂದು ಭಾಗಕ್ಕೂ ಅಲ್ಲಿ ಬೆಲೆಯಿದೆ. ಅಂಗಡಿಯ ಪೊಟ್ಟಣ ಬಿಟ್ಟು ತಮ್ಮ ನಾಲಿಗೆಗೆ ತಕ್ಕ ಹಾಗೆ ಹುರಿದು ಕುಟ್ಟಿದ ಸಾರಿನ ಪುಡಿಯನ್ನೇ ಬಳಸುವ ಮನೆಗಳಿಲ್ಲವೇ, ಹಾಗೆ ಅವರೂ ತಮ್ಮ ಬಂದೂಕಿಗೆ ಒಗ್ಗುವ ಹದವನ್ನು ಹುಡುಕುತ್ತಾರೆ. ಪ್ರತಿ ಗುಂಡೂ ಒಂದೇ ವೇಗದಲ್ಲಿ ಹೊರಟರೆ ದೂರದ ಗುರಿಯ ಮೇಲೆ ರಂಧ್ರಗಳು ಒತ್ತಾಗಿ ಬೀಳುತ್ತವೆ. ಖರ್ಚಿನ ಉಳಿತಾಯ ಎನ್ನುವುದು ಅರ್ಧ ಸತ್ಯ. ಉಳಿದ ದುಡ್ಡಿಗೆ ಅವರು ಇನ್ನಷ್ಟು ಹಾರಿಸುತ್ತಾರೆ, ಅಷ್ಟೇ.

ಇನ್ನು ಕಾನೂನಿಗೆ ಬರೋಣ. ಇಲ್ಲಿ ಹಲವರು ತಪ್ಪು ತಿಳಿದಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮು ಮದ್ದುಗುಂಡು ಎಂದರೇನು ಎಂದು ವಿವರಿಸುವಾಗ ತುಂಬಿದ ತೋಟಾಕ್ಕೆ ನಿಲ್ಲುವುದಿಲ್ಲ. ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಆ ವ್ಯಾಖ್ಯೆಯೊಳಗೇ ಸೇರಿಸುತ್ತದೆ. ಅಂದರೆ ನೀವು ತರಿಸಬೇಕೆಂದಿರುವ ಪ್ರೆಸ್ಸು ಬರಿಯ ಕಬ್ಬಿಣದ ಉಪಕರಣ, ಮದ್ದು ತಂದಾಗ ತಾನೇ ತೊಂದರೆ ಎಂದುಕೊಳ್ಳುವಂತಿಲ್ಲ. ಪಾರ್ಸಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ವಿವರಣೆ ಕೊಡಬೇಕಾದವರು ನೀವೇ. ತಯಾರಿಕೆಗೆ ಪರವಾನಗಿ ಬೇಕೆನ್ನುವುದು 5ನೇ ಕಲಮು. ಅದನ್ನು ಮೀರಿದರೆ ಶಿಕ್ಷೆ 25ನೇ ಕಲಮಿನಲ್ಲಿದೆ. 2019ರ ತಿದ್ದುಪಡಿಗೆ ಮೊದಲು ಅದು ಮೂರರಿಂದ ಏಳು ವರ್ಷವಿತ್ತು, ಈಗ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಬಂದೂಕಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ತೋಟಾ ತಯಾರಿಕೆಯ ಪರವಾನಗಿ ಬಂದಂತಾಗುವುದಿಲ್ಲ. ‘ಸ್ವಂತಕ್ಕೆ ನಾಲ್ಕು ಮಾಡಿಕೊಂಡೆ, ಮಾರಲಿಲ್ಲ’ ಎಂಬ ಸಮಜಾಯಿಷಿಯನ್ನು ನೆಚ್ಚಿಕೊಂಡು ಯಾರೂ ಇದಕ್ಕೆ ಕೈಹಾಕಬಾರದು.

‘ಕೊಡಗಿನವರು ಮಾಡುತ್ತಾರಲ್ಲ’ ಎಂಬ ಮಾತು ನಮ್ಮ ಕಡೆ ಥಟ್ಟನೆ ಬರುತ್ತದೆ. ಕೊಡವರಿಗೂ ಅಲ್ಲಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಹೊಂದುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ತೋಟಾ ಕಾರ್ಖಾನೆ ತೆರೆಯುವುದಕ್ಕೆ ಅದು ಅನುಮತಿಯಲ್ಲ. ಕೈಲ್‌ ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ಸಮಯದಲ್ಲಿ ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುವಾಗ ಹೋಗಿ ನೋಡಿ, ಖುಷಿಯಾಗುತ್ತದೆ. ಅದರಿಂದ ಕಾನೂನು ಕಲಿಯಬೇಡಿ.

ಈಗ ಕ್ರೀಡೆಯ ಕಡೆಯಿಂದ ನೋಡಿ. ನಮ್ಮಲ್ಲಿ ಶೂಟಿಂಗ್ ಕಲಿಕೆ ಶುರುವಾಗುವುದು 10 ಮೀಟರ್ ಏರ್ ರೈಫಲ್ ಅಥವಾ ಏರ್ ಪಿಸ್ತೂಲಿನಿಂದ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅದೇ ಏರ್ ರೈಫಲಿನಲ್ಲಿ. ಅಲ್ಲಿ ಮದ್ದೂ ಇಲ್ಲ, ಕೇಪೂ ಇಲ್ಲ, ಒತ್ತಿಟ್ಟ ಗಾಳಿ ಪೆಲೆಟ್ ಎಂಬ ಪುಟ್ಟ ಸೀಸದ ಗುಂಡನ್ನು ತಳ್ಳುತ್ತದೆ. ಮುಂದಿನ ಮೆಟ್ಟಿಲು 50 ಮೀಟರ್ ರೈಫಲ್. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ವಿಭಾಗ. ಅದರಲ್ಲಿ ಬಳಸುವುದು .22 ತೋಟಾ. ಅದನ್ನು ಕೈಯಲ್ಲಿ ಹಿಡಿದು ಬುಡ ನೋಡಿದರೆ ನಡುವೆ ಕೇಪು ಕಾಣುವುದಿಲ್ಲ. ಹೊತ್ತಿಸುವ ರಾಸಾಯನಿಕವನ್ನು ಬುಡದ ಅಂಚಿನ ಮಡಿಕೆಯೊಳಗೇ ಹರಡಿರುತ್ತಾರೆ. ಬಂದೂಕಿನ ಸೂಜಿ ಆ ಅಂಚನ್ನೇ ಜಜ್ಜಿ ಸಿಡಿಸುತ್ತದೆ. ಜಜ್ಜಿದ ಮೇಲೆ ಮುಗಿಯಿತು, ಅದನ್ನು ಮತ್ತೆ ತುಂಬಲೆಂದು ಮಾಡಿರುವುದೇ ಅಲ್ಲ. ಹಾರುವ ಬಿಲ್ಲೆಗಳಿಗೆ ಗುಂಡು ಹೊಡೆಯುವ ಟ್ರ್ಯಾಪ್, ಸ್ಕೀಟ್‌ನವರು ಹಾರಿಸುವ 24 ಗ್ರಾಂ ಚರೆಯ 12 ಬೋರ್ ತೋಟಾವನ್ನು ತಾಂತ್ರಿಕವಾಗಿ ತುಂಬಬಹುದು. ಆದರೆ ಆ ಹಂತಕ್ಕೇರಿದವರೂ ಕಾರ್ಖಾನೆಯ ಮಾಲನ್ನೇ ಬಳಸುತ್ತಾರೆ. ಸಾಧನೆ ಮಾಡಿದ ಶೂಟರ್‌ಗಳಿಗೆ ಆಮದಿನ ದಾರಿಯೂ ಇದೆ. ಹೀಗಿರುವಾಗ ನಿಮ್ಮ ಪ್ರೆಸ್ಸು ಯಾವ ತೋಟಾವನ್ನು ಒತ್ತಬೇಕು?

ಮದ್ದಿನ ಗುಣವನ್ನು ಮೈಸೂರಿನವರಿಗೆ ದೂರದ ಉದಾಹರಣೆ ಕೊಟ್ಟು ವಿವರಿಸಬೇಕಿಲ್ಲ. ದಸರೆಗೆ ಮೊದಲು ಕುಶಾಲತೋಪಿನ ತಾಲೀಮು ನಡೆಯುತ್ತದೆ, ಆನೆ ಕುದುರೆಗಳಿಗೆ ಸದ್ದು ರೂಢಿಯಾಗಲಿ ಎಂದು. ಜನ ಆನೆಗಳನ್ನು ನೋಡುತ್ತಾರೆ. ನೀವು ಫಿರಂಗಿಯ ಬಾಯಿಯ ಬಳಿ ನಿಂತ ಪೊಲೀಸ್ ಸಿಬ್ಬಂದಿಯನ್ನು ನೋಡಿ. ಒಂದು ಸುತ್ತು ಹಾರಿದ ಕೂಡಲೇ ಉದ್ದ ಕೋಲಿನ ತುದಿಯ ಒದ್ದೆ ಬಟ್ಟೆಯನ್ನು ನಳಿಕೆಯೊಳಗೆ ಆಡಿಸಿ ಒಳಗುಳಿದ ಕಿಡಿಯನ್ನು ನಂದಿಸುತ್ತಾರೆ, ಆಮೇಲೆ ತಾನೇ ಮುಂದಿನ ಮದ್ದಿನ ಚೀಲ. ರಾಷ್ಟ್ರಗೀತೆ ಮುಗಿಯುವುದರೊಳಗೆ 21 ಸುತ್ತು ಮುಗಿಯಬೇಕೆಂಬ ಅವಸರದಲ್ಲೂ ಆ ಒದ್ದೆ ಬಟ್ಟೆಯನ್ನು ಬಿಡುವ ಹಾಗಿಲ್ಲ. ಅಷ್ಟು ಅಭ್ಯಾಸವಿದ್ದವರಿಗೇ ಆ ಎಚ್ಚರ ಬೇಕು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ನೋಡಿದ್ದೀರಾ? ಅವುಗಳಲ್ಲಿ ಒಂದನ್ನು 2017ರಲ್ಲಿ ರೈಲಿನ ಜೋಡಿ ಹಳಿಗಾಗಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ದಪ್ಪ ಗೋಡೆ, ಅರ್ಧ ನೆಲದೊಳಗೆ ಹುದುಗಿದ ಕಟ್ಟಡ. ಮದ್ದನ್ನು ಮಲಗುವ ಕೋಣೆಯ ಅಟ್ಟದಲ್ಲಿಡಬಾರದೆಂಬ ಬುದ್ಧಿ ಈ ಜಿಲ್ಲೆಗೆ ಇನ್ನೂರು ವರ್ಷಕ್ಕೂ ಹಿಂದೆಯೇ ಇತ್ತು. ಮದ್ದು ತುಂಬುವಾಗ ಗಮನ ತಪ್ಪಿ ಎರಡು ಪಾಲು ಬಿದ್ದರೆ ಒಡೆಯುವುದು ನಿಮ್ಮ ಕೆನ್ನೆಯ ಪಕ್ಕದಲ್ಲಿರುವ ಉಕ್ಕು. ಮದ್ದೇ ಬೀಳದಿದ್ದರೆ ಕೇಪಿನ ಬಲಕ್ಕೆ ಗುಂಡು ನಳಿಕೆಯ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆಯೇ ಇನ್ನೊಂದನ್ನು ಹಾರಿಸಿದವನ ಗತಿ ಕೇಳಬೇಡಿ. ಕಾನೂನುಬದ್ಧವಾಗಿ ಮಾಡುವ ದೇಶಗಳಲ್ಲೂ ಇವೆರಡೂ ಆಗುತ್ತಲೇ ಇರುತ್ತವೆ.

ತಾತನ ಬಂದೂಕಿನ ವಿಷಯ. ಲೈಸೆನ್ಸ್ ತಾತನ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ, ಬಂದೂಕು ತಾನಾಗಿಯೇ ಮೊಮ್ಮಗನದಾಗುವುದಿಲ್ಲ. ಮಂಡ್ಯ ಜಿಲ್ಲೆಯಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಮೈಸೂರು ನಗರವಾದರೆ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಕ್ರಮಬದ್ಧವಾಗಿ ಅರ್ಜಿ ಹಾಕಬೇಕು. ಅಲ್ಲಿಯವರೆಗೆ ಅದನ್ನು ಠಾಣೆಯಲ್ಲೋ ಪರವಾನಗಿ ಇರುವ ಮಾರಾಟಗಾರರಲ್ಲೋ ಠೇವಣಿ ಇಟ್ಟು ರಸೀದಿ ಪಡೆಯುವುದು ಕ್ಷೇಮ. ಹಳೆಯ ತೋಟಾಗಳನ್ನು ಬಿಚ್ಚಿ ನೋಡಬೇಡಿ, ‘ಸಿಡಿಯುತ್ತದೋ ಇಲ್ಲವೋ’ ಎಂದು ಗದ್ದೆಯ ಬದಿಯಲ್ಲಿ ಪರೀಕ್ಷಿಸಬೇಡಿ, ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಲೂ ಬೇಡಿ. ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ.

ಹಾಗಾದರೆ ಆ ಸೂಕ್ಷ್ಮ ಅಳತೆಯ ಸುಖ ನಮಗಿಲ್ಲವೇ? ಇದೆ, ಪೆಲೆಟ್ ಡಬ್ಬಿಯೊಳಗಿದೆ. ಎಲ್ಲವನ್ನೂ ಒಂದೇ ಸಮ ಮಾಡಬೇಕೆಂಬ ಚಪಲವಿದ್ದವರಿಗೆ ಅದು ಸಾಕಷ್ಟು ಕೆಲಸ ಕೊಡುತ್ತದೆ, ಜೈಲಿನ ಭಯವಿಲ್ಲದೆ. 4.5 ಮಿಲಿಮೀಟರ್ ಅಂದರೆ .177 ಬೋರಿನ, ನಳಿಕೆಯಿಂದ ಹೊರಡುವಾಗಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ರೈಫಲಿನ ಶಕ್ತಿ ಎಂಟು ಜೂಲ್ ಆಸುಪಾಸು, ಮಿತಿಯ ಅರ್ಧಕ್ಕೂ ಕಡಿಮೆ. ಗುರಿಯ ನಡುವಿನ, ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಪೆಲೆಟ್ಟೇ ಅದಕ್ಕಿಂತ ಒಂಬತ್ತು ಪಟ್ಟು ಅಗಲ. ಹತ್ತರಲ್ಲೂ ದಶಮಾಂಶ ಲೆಕ್ಕವಿದೆ, ನಟ್ಟನಡುವೆ ಬಿದ್ದರೆ 10.9. ಅರವತ್ತು ಹೊಡೆತಕ್ಕೆ ಗರಿಷ್ಠ 654.

ಸ್ಪರ್ಧೆಯ ಪೆಲೆಟ್ಟಿನ ತಲೆ ಚಪ್ಪಟೆ, ಸೊಂಟ ಸಣ್ಣ, ಹಿಂಭಾಗ ಲಂಗದ ಹಾಗೆ ಅಗಲ. ತೂಕ ಸುಮಾರು 0.53 ಗ್ರಾಂ. ಒಳ್ಳೆಯ ತಯಾರಕರು ತಲೆಯ ವ್ಯಾಸವನ್ನು 4.49, 4.50, 4.51 ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ. ಆದರೂ ಒಂದು ನಳಿಕೆಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ರೈಫಲನ್ನು ಅಲುಗಾಡದಂತೆ ಕೂರಿಸಿ ಒಂದೊಂದು ಅಳತೆಯಲ್ಲೂ ಐದೋ ಹತ್ತೋ ಹಾರಿಸಿ, ಯಾವುದರ ರಂಧ್ರಗಳು ಒಂದರೊಳಗೊಂದು ಕೂರುತ್ತವೆ ಎಂದು ನೋಡಬೇಕು. ಮೊದಲು ಬೆಳಕಿಗೆ ಹಿಡಿದು ಲಂಗ ನೆಗ್ಗಿದ್ದನ್ನು, ಅಂಚಿನಲ್ಲಿ ಸೀಸದ ಎಳೆ ಉಳಿದಿದ್ದನ್ನು ಬೇರೆ ಇಡಿ. ಆಮೇಲೆ ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ. ತಲೆಗೂ ಲಂಗಕ್ಕೂ ಅಗಲ ಬೇರೆಯಾದ್ದರಿಂದ ಅದು ನೇರ ಹೋಗದೆ ಬಾಗಿ ಹೋಗುತ್ತದೆ. ಒಂದೇ ಅಳತೆಯವು ಒಂದೇ ದಾರಿ ಹಿಡಿಯುತ್ತವೆ, ದಾರಿ ತಪ್ಪಿದ್ದು ಅಭ್ಯಾಸದ ಡಬ್ಬಿಗೆ. ತೂಗುವುದಾದರೆ ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು, ಅಡುಗೆಮನೆಯ ತಕ್ಕಡಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಕೈಗೆ ಸೀಸ ಮೆತ್ತುತ್ತದೆ. ಸೋಪು ಹಾಕಿ ತೊಳೆಯದೆ ತಿಂಡಿಗೆ ಕೈಹಾಕಬೇಡಿ, ಮಕ್ಕಳ ಕೈಗೆ ಡಬ್ಬಿ ಸಿಗಬಾರದು.

ಒಂದು ಮಾತು, ಹೊಸಬರ ಗುರಿ ಚೆದುರುವುದು ಪೆಲೆಟ್ಟಿನಿಂದಲ್ಲ, ಉಸಿರಿನಿಂದ ಮತ್ತು ಬೆರಳಿನಿಂದ. ಮೊದಲ ತಿಂಗಳುಗಳಲ್ಲಿ ವಿಂಗಡಣೆಯ ಉಸಾಬರಿ ಬೇಡ. ಪೆಲೆಟ್ ಹಾಕದೆ ನಿಲುವು, ಉಸಿರು, ಟ್ರಿಗರ್ ಇವುಗಳ ಅಭ್ಯಾಸ ನಡೆಯಲಿ. ಸ್ವಂತ ರೈಫಲ್ ಕೊಳ್ಳುವ ಮೊದಲು ತರಬೇತುದಾರರಿರುವ ರೇಂಜಿಗೆ ಸೇರಿ ಅಲ್ಲಿಯದನ್ನೇ ಬಳಸಿ, ಯಾಕೆಂದರೆ ಸ್ಪರ್ಧೆಗೆ ಒದಗುವ ವಿದೇಶಿ ರೈಫಲ್ ಲಕ್ಷಗಳ ಮಾತು. ರಾಜ್ಯ ಮಟ್ಟದ ಸ್ಪರ್ಧೆಗೆ ಹೋಗುವ ಯೋಚನೆಯಿದ್ದರೆ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಸದಸ್ಯತ್ವದ ಬಗ್ಗೆ ಆ ರೇಂಜಿನಲ್ಲೇ ವಿಚಾರಿಸಿ.

ಮನೆಯಲ್ಲಿ ಅಭ್ಯಾಸ ಮಾಡಬೇಕೆಂದರೆ ಲೆಕ್ಕ ಹೀಗೆ. ಹತ್ತು ಮೀಟರ್ ಎಂದರೆ ಸುಮಾರು 33 ಅಡಿ. ಮೂವತ್ತು–ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯಲ್ಲಿ ಮುಂದೆ ಹಿಂದೆ ಜಾಗ ಬಿಟ್ಟ ಮೇಲೆ ಒಳಗೆ ಅಷ್ಟು ಉದ್ದದ ದಾರಿ ಸಿಗುವುದು ಅಪರೂಪ, ಹಾಗಾಗಿ ಎಲ್ಲರ ಕಣ್ಣೂ ತಾರಸಿಯ ಮೇಲೆ ಬೀಳುತ್ತದೆ. ಅಲ್ಲಿ ಗುರಿಯ ಹಿಂದೆ ಬರಿಯ ಪ್ಯಾರಪೆಟ್ ಇದ್ದರೆ ಸಾಲದು. ಆಳೆತ್ತರದ ಗಟ್ಟಿ ಗೋಡೆ ಬೇಕು, ಪೆಲೆಟ್ ಪುಟಿಯದಂತೆ ಹಿಡಿದುಕೊಳ್ಳುವ ಇಳಿಜಾರು ತಗಡಿನ ಪೆಟ್ಟಿಗೆ ಬೇಕು, ಗುರಿಯ ಬದಿಯಲ್ಲಿ ಬಾಗಿಲೋ ಮೆಟ್ಟಿಲೋ ಇರಕೂಡದು. ಪಕ್ಕದ ಮನೆಯವರಿಗೆ ಮೊದಲೇ ತಿಳಿಸಿಡಿ. ಹಕ್ಕಿಗಳ ಕಡೆಗೆ ನಳಿಕೆ ತಿರುಗಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾದಿರುತ್ತದೆ. ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ತಾರಸಿಯಲ್ಲಿ ಇಷ್ಟೆಲ್ಲ ಹೊಂದಿಸಲಾಗದಿದ್ದರೆ ಗೋಡೆಯ ಮೇಲೊಂದು ಕಪ್ಪು ಚುಕ್ಕಿ ಅಂಟಿಸಿ, ಖಾಲಿ ರೈಫಲ್ ಹಿಡಿದು ನಿಲ್ಲುವ ಅಭ್ಯಾಸಕ್ಕೆ ನಿಮ್ಮ ಹಜಾರವೇ ಸಾಕು.